ಬನಫ್ಶಾ ಎಣ್ಣೆಯ ದಿಲ್‌ಶಾದ್ ಆಂಟಿ

ಶಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್ ಕಡೆ ಸೀರೆಗೊಂದು ರವಿಕೆ ಹೊಲಿಸಬೇಕು ಅಂದರೆ ಆ ಕಾಲದಲ್ಲಿ ಯಾರನ್ನು ಕೇಳಿದರೂ ಬೀದರಿನ ದಿಲ್‌ಶಾದ್ ಮನೆಯನ್ನೇ ತೋರಿಸುತ್ತಿದ್ದರು. ಗಂಡ ಸರ್ದಾರ್ ನಾರ್ತ್ ಅವೆನ್ಯೂ ಮೇಲೆ ಕಾರು ರಿಪೇರಿಯ ಗರಾಜು ನಡೆಸುತ್ತಿದ್ದ. ಮಗಳು ಸುಬಿಯಾ ಹೈಸ್ಕೂಲಿನಲ್ಲಿದ್ದಳು. ದಿಲ್‌ಶಾದ್ ಬೇಸ್‌ಮೆಂಟಿನ ಕಿಟಕಿ ಪಕ್ಕ ಹೊಲಿಗೆ ಮೆಷಿನ್ ಇಟ್ಟುಕೊಂಡು ಊರಿನ ಅರ್ಧ ಹೆಂಗಸರ ಅಳತೆ ಬಾಯಿಪಾಠ ಮಾಡಿಕೊಂಡಿದ್ದಳು. ಮನೆಯಲ್ಲಿ ದಖನಿ ಉರ್ದು, ಮಗಳ ಬಾಯಲ್ಲಿ ಇಂಗ್ಲಿಷು. ಕನ್ನಡ ಆಡುವ ಗಿರಾಕಿ ಬಂದರೆ ಮಾತ್ರ ಅವಳ ನಾಲಿಗೆಗೆ ಹಬ್ಬ.

ಅವಳಿಗೆ ಚಿಕ್ಕಂದಿನಿಂದಲೂ ಅರೆತಲೆನೋವು. ಮೊದಲು ಎಡಗಣ್ಣಿನ ಅಂಚಿನಲ್ಲಿ, ಕೆರೆಯ ನೀರಿನ ಮೇಲೆ ಬಿಸಿಲು ಕುಣಿದ ಹಾಗೆ ಏನೋ ಮಿನುಗುವುದು. ಸ್ವಲ್ಪ ಹೊತ್ತಿಗೆ ಎಡಗಣತಲೆಯಲ್ಲಿ ಒಳಗಿಂದ ಯಾರೋ ಗುದ್ದಲು ಶುರು. ಆಮೇಲೆ ಬೆಳಕು ಕೂಡದು, ಸದ್ದು ಕೂಡದು, ಹೊಟ್ಟೆಯಲ್ಲಿ ನೀರು ನಿಲ್ಲದು. ಬೀದರಿನಲ್ಲಿ ಅವಳ ನಾನಾ, ಎಂದರೆ ತಾಯಿಯ ತಂದೆ, ಕೋಟೆಯ ಹತ್ತಿರ ಯುನಾನಿ ದವಾಖಾನೆ ಇಟ್ಟಿದ್ದ ಹಕೀಮರು. ಅವರು ಈ ನೋವನ್ನು ಶಕೀಖಾ ಎನ್ನುತ್ತಿದ್ದರು. ತಲೆಯನ್ನು ಸೀಳಿ ಅರ್ಧ ಮಾಡುವಂಥದ್ದು ಎಂದು ಮೊಮ್ಮಗಳಿಗೆ ಅರ್ಥ ಹೇಳುತ್ತಿದ್ದರು. ತಮ್ಮ ವಿದ್ಯೆ ಸುಲ್ತಾನರ ಕಾಲಕ್ಕೆ ಇರಾನಿನಿಂದ ಹಡಗು ಹತ್ತಿ ಬಂದದ್ದು ಎಂಬ ಹೆಮ್ಮೆ ಅವರಿಗೆ. ಉರಿಯ ತಲೆನೋವಾದರೆ ಬನಫ್ಶಾ ಎಂಬ ಸಣ್ಣ ನೇರಳೆ ಹೂವಿನ ಎಣ್ಣೆ, ಗುಲಾಬಿ ನೀರಿಗೆ ಚೂರು ಸಿರ್ಕಾ ಎಂಬ ವಿನೆಗರ್ ಬೆರೆಸಿ ಹಣೆಯ ಮೇಲೆ ಒದ್ದೆ ಬಟ್ಟೆ, ಕುಡಿಯಲು ಕೊತ್ತಂಬರಿ ಬೀಜದ ಕಷಾಯ. ಚಳಿಗೆ ಬರುವ ಮಂದ ನೋವಾದರೆ ಬಾಬೂನಾ ಹೂವು, ಅದರ ಜೊತೆಗೆ ಉಸ್ತುಖುದ್ದೂಸ್ ಎಂಬ ಇನ್ನೊಂದು ಒಣಹೂವು. ಯಾವುದು ಯಾರಿಗೆ ಎಂದು ನಿರ್ಧರಿಸುವ ಮೊದಲು ಅವರು ರೋಗಿಯನ್ನು ಎದುರಿಗೆ ಕೂಡಿಸಿಕೊಂಡು ಅರ್ಧ ಬೆಳಗನ್ನೇ ಪ್ರಶ್ನೆಯಲ್ಲಿ ಕಳೆಯುತ್ತಿದ್ದರು. ಬಾಲಕಿ ದಿಲ್‌ಶಾದ್‌ಗೆ ಆ ಪ್ರಶ್ನೆಗಳು ಬೇಸರ. ಎಣ್ಣೆಯ ಪರಿಮಳವೇ ನೆನಪಿನಲ್ಲಿ ಉಳಿದದ್ದು.

ಅಮೆರಿಕಕ್ಕೆ ಬಂದ ಮೇಲೆ ಆ ಎಣ್ಣೆ ಎಲ್ಲಿ ಸಿಗಬೇಕು? ಅಂಗಡಿಯ ಗುಳಿಗೆ ನುಂಗಿ ನುಂಗಿ ಹೊಟ್ಟೆ ಕೆಟ್ಟಿತು. ಒಮ್ಮೆ ಸರ್ದಾರ್ ಶಿಕಾಗೋದ ಉತ್ತರ ಭಾಗಕ್ಕೆ ಯಾರದೋ ಕಾರು ನೋಡಲು ಹೋದವನು ಹೆಂಡತಿಯನ್ನೂ ಕರೆದೊಯ್ದಿದ್ದ. ಅಲ್ಲೊಂದು ಇರಾನಿ ದಿನಸಿ ಅಂಗಡಿ. ಗಲ್ಲಾದ ಹಿಂದೆ ಮಹೀನ್ ಖಾನುಮ್ ಎಂಬ ಬಿಳಿಗೂದಲಿನ ಹೆಂಗಸು. ದಿಲ್‌ಶಾದ್‌ಗೆ ಫಾರ್ಸಿ ಬಾರದು, ಮಹೀನ್‌ಗೆ ಉರ್ದು ಬಾರದು, ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ದಿಲ್‌ಶಾದ್ ಕಣತಲೆ ಮುಟ್ಟಿ ತೋರಿಸಿ, ಏನಾದರಾಗಲಿ ಎಂದು, "ಬನಫ್ಶಾ?" ಅಂದಳು.

ಆ ಹೆಂಗಸಿನ ಮುಖ ಅರಳಿತು. "ಬನಫ್ಶೆ!"

"ಉಸ್ತುಖುದ್ದೂಸ್?"

"ಉಸ್ತೋಖುದ್ದೂಸ್!" ಮಹೀನ್ ಖಾನುಮ್ ಗಲ್ಲಾ ಬಿಟ್ಟು ಈಚೆ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

ಒಂದೊಂದು ಡಬ್ಬಿ ತೆರೆಯುತ್ತ, ಒಂದೊಂದು ಹೆಸರು ಹೇಳುತ್ತ ಇಬ್ಬರೂ ಚಿಕ್ಕ ಹುಡುಗಿಯರ ಹಾಗೆ ನಕ್ಕರು. ಹೂವನ್ನು ಎಣ್ಣೆಯಲ್ಲಿ ಕಾಯಿಸಬಾರದು, ಸಿಪ್ಪೆ ತೆಗೆದ ಬಾದಾಮಿಯ ಜೊತೆ ಪದರ ಪದರವಾಗಿ ಮುಚ್ಚಿಟ್ಟು, ಹೂ ಬಾಡಿದಂತೆ ಬದಲಿಸುತ್ತ, ಬಾದಾಮಿಯೇ ಪರಿಮಳ ಕುಡಿದ ಮೇಲೆ ಹಿಂಡಬೇಕು ಎಂಬುದನ್ನು ಮಹೀನ್ ಕೈಸನ್ನೆಯಲ್ಲೇ ಕಲಿಸಿದಳು. ಆ ಎಣ್ಣೆ ದಿಲ್‌ಶಾದ್‌ಳ ನೋವನ್ನು ಓಡಿಸಲಿಲ್ಲ. ಆದರೆ ಮಿನುಗು ಶುರುವಾದ ಕೂಡಲೇ ಕಣತಲೆಗೆ ಹಚ್ಚಿ, ಪರದೆ ಎಳೆದು ಮಲಗಿದರೆ ನೋವಿನ ಮೊನೆ ಮೊಂಡಾಗುತ್ತಿತ್ತು. ಅಷ್ಟು ಸಾಕಿತ್ತು ಅವಳಿಗೆ. ಅಳತೆ ಕೊಡಲು ಬಂದ ಹೆಂಗಸರಿಗೂ ಹಚ್ಚಿದಳು. ಬಾಯಿಂದ ಬಾಯಿಗೆ ಹರಡಿ, ರವಿಕೆಯ ದಿಲ್‌ಶಾದ್ ಆಂಟಿ ಎಣ್ಣೆಯ ದಿಲ್‌ಶಾದ್ ಆಂಟಿ ಆದಳು. ಕೊಟ್ಟದ್ದಕ್ಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ತನ್ನ ಕೈಗುಣದ ಮಾತು ಕೇಳಲು ಮಾತ್ರ ಅವಳಿಗೆ ಬಹಳ ಇಷ್ಟವಾಗಿತ್ತು.

ತೊಂಬತ್ತೆಂಟರ ಚಳಿಗಾಲದ ಆರಂಭದಲ್ಲಿ ಶಾರದ ಬಂದಳು. ಮೈಸೂರಿನವಳು, ಎರಡು ಮೈಲಿ ಆಚೆಯ ಬಡಾವಣೆಯಲ್ಲಿ ಹೊಸದಾಗಿ ಹಳೇ ಮನೆ ಕೊಂಡಿದ್ದರು. ಗಂಡ ಶೇಷಗಿರಿ ಹಾಫ್‌ಮನ್ ಎಸ್ಟೇಟ್ಸ್‌ನ ಒಂದು ಕಂಪನಿಯಲ್ಲಿ ಇಂಜಿನಿಯರ್, ಮಗ ಅಕ್ಷೋಭ್ಯ ಎಲಿಮೆಂಟರಿ ಶಾಲೆಯಲ್ಲಿ. ಅತ್ತೆ ಗೋದಾವರಮ್ಮ ಆರು ತಿಂಗಳಿಗೆಂದು ಊರಿಂದ ಬಂದಿದ್ದರು. ತೋಳಿನ ಅಳತೆ ಕೊಡುತ್ತ ನಿಂತಿದ್ದ ಶಾರದ ಗೋಡೆಗೆ ಕೈ ಊರಿದಳು.

"ಯಾಕ್ರೀ, ಏನಾತು?"

"ತಲೆನೋವು ಆಂಟಿ. ಒಂದು ತಿಂಗಳಿಂದ ಹೀಗೇ. ಡಾಕ್ಟರು ಟೆನ್ಷನ್ ಅಂದ್ರು, ಟ್ಯಾಬ್ಲೆಟ್ ಕೊಟ್ಟಿದಾರೆ. ವಾಂತಿ ಬರೋ ಹಾಗಾಗತ್ತೆ."

"ಕೂಡ್ರಿ ಇಲ್ಲಿ. ಈ ಪೀಡೆ ನನಗ ಗೊತ್ತದ." ದಿಲ್‌ಶಾದ್ ಟೇಪು ಕೊರಳಿಗೆ ಹಾಕಿಕೊಂಡು ಬಾಟಲಿ ತಂದಳು. ಒಂದೇ ಕಡೆ ನೋವೋ ಎರಡೂ ಕಡೆಯೋ ಎಂದು ಕೇಳಲಿಲ್ಲ. ತಲೆನೋವು, ವಾಕರಿಕೆ ಎಂದ ಮೇಲೆ ಅದು ತನ್ನ ಶಕೀಖಾವೇ.

ಎಣ್ಣೆ ಹಚ್ಚಿ, ಹಣೆಗೆ ಗುಲಾಬಿ ನೀರಿನ ಬಟ್ಟೆ ಹಾಕಿ ಸೋಫಾದ ಮೇಲೆ ಒರಗಿಸಿದಳು. ಗಂಟೆಯೊಳಗೆ ಶಾರದಳ ಮುಖಕ್ಕೆ ಕಳೆ ಬಂತು. "ಮಾಯ ಆಗೋಯ್ತಲ್ಲ ಆಂಟಿ!" ಅಂದಳು. ದಿಲ್‌ಶಾದ್‌ಗೆ ಆ ಮಾತು ಸಕ್ಕರೆ. ಬಾಟಲಿಯೊಂದನ್ನು ಕೊಟ್ಟು ಕಳಿಸಿದಳು.

ಅಲ್ಲಿಂದ ಶನಿವಾರ ಶನಿವಾರ ಶಾರದ ಬರತೊಡಗಿದಳು. ಬರುವಾಗ ಬಾಡಿದ ಮುಖ, ಹೋಗುವಾಗ ಗೆಲುವು. ಗಿರಾಕಿ ಹೋಗಿ ಗೆಳತಿಯಾದಳು. ‘ರೀ’ ಹೋಗಿ ‘ಬೇಟಿ’ ಬಂತು. ಒಂದೇ ದೂರು: "ಇಲ್ಲಿ ಹಚ್ಚಿದ್ರೆ ಹೋಗತ್ತೆ, ಮನೇಲಿ ಹಚ್ಕೊಂಡ್ರೆ ಏನೂ ಆಗಲ್ಲ."

"ನೀ ಬರೋಬ್ಬರಿ ತಿಕ್ಕೂದಿಲ್ಲ. ಬೆರಳ ತುದೀಲೆ ಒತ್ತಬೇಕು, ನೋಡು, ಹಿಂಗ."

"ನಿಮ್ಮ ಕೈಗುಣ ನನಗೆಲ್ಲಿಂದ ಬರಬೇಕು? ಮನೇಲಿ ಎಲ್ಲರಿಗೂ ತಲೆಭಾರ ಆಂಟಿ. ನಮ್ಮನೆಯವರು ಆಫೀಸಿಗೆ ಹೋದ್ರೆ ಸರಿಹೋಗತ್ತೆ ಅಂತಾರೆ. ಹೆಂಡತಿ ಮುಖ ನೋಡಿದ್ರೇ ತಲೆನೋವಂತೆ. ಅತ್ತೆ ಅಂತೂ ಹಗಲೆಲ್ಲ ಮಲಗೇ ಇರ್ತಾರೆ. ಚಳಿ ಆಗಿಬರಲ್ಲ ಅವರಿಗೆ."

ಇಬ್ಬರೂ ನಕ್ಕರು. ದಿಲ್‌ಶಾದ್ ಇನ್ನೊಂದು ಬಾಟಲಿ ತುಂಬಿಸಿ ಕೊಟ್ಟಳು.

ಹೊಸ ವರ್ಷ ಹುಟ್ಟುತ್ತಲೇ ಆ ದೊಡ್ಡ ಹಿಮ ಬಿತ್ತು. ಡ್ರೈವ್‌ವೇ ಯಾವುದು, ಹುಲ್ಲುಹಾಸು ಯಾವುದು ತಿಳಿಯದಂತೆ ಮುಚ್ಚಿಹೋಯಿತು. ಶಾರದ ಒಂದು ಶನಿವಾರ ಬರಲಿಲ್ಲ. ಫೋನಿನಲ್ಲಿ ಅವಳ ದನಿ ಹಗ್ಗ ಬಿಟ್ಟ ಕೊಡದ ಹಾಗೆ ಆಳಕ್ಕೆ ಇಳಿದಿತ್ತು. ಮಾತು ತಡೆದು ತಡೆದು ಬರುತ್ತಿತ್ತು. ದಿಲ್‌ಶಾದ್‌ಗೆ ತಡೆಯಲಿಲ್ಲ. ಸೋಮವಾರ ಮಧ್ಯಾಹ್ನ ಗರಾಜಿಗೆ ಹೊರಟಿದ್ದ ಗಂಡನ ಟ್ರಕ್ಕು ಹತ್ತಿ ಶಾರದಳ ಮನೆಗೆ ಹೋಗಿ ಇಳಿದಳು. ತಾನೇ ಕೈಯಾರೆ ಹಚ್ಚಿ ನೋಡಬೇಕು, ಎಣ್ಣೆ ಕೆಲಸ ಮಾಡುವುದಿಲ್ಲ ಎಂದರೇನು ಎಂಬ ಹಟವೂ ಇತ್ತು.

ಶೇಷಗಿರಿ ಆಫೀಸಿಗೆ, ಅಕ್ಷೋಭ್ಯ ಶಾಲೆಗೆ ಹೋಗಿದ್ದರು. ಬಾಗಿಲು ತೆರೆದ ಶಾರದಳ ಕೆನ್ನೆ ಕೆಂಪಗಿತ್ತು. ಕಿಟಕಿಯ ಗಾಜೆಲ್ಲ ಬೆವರಿ ನೀರು ಇಳಿಯುತ್ತಿತ್ತು. ಕೆಳಗಿನ ಕೋಣೆಯಲ್ಲಿ ಗೋದಾವರಮ್ಮ ಮಗ್ಗುಲಾಗಿ ಮಲಗಿದ್ದರು. ಆ ಕೋಣೆಯ ಗೋಡೆಯಾಚೆಗೇ ಮನೆ ಬಿಸಿಮಾಡುವ ಫರ್ನೇಸು ಗುಂಯ್‌ಗುಟ್ಟುತ್ತಿತ್ತು. ದಿಲ್‌ಶಾದ್ ಶಾರದಳನ್ನು ಕೂಡಿಸಿಕೊಂಡು ಎಣ್ಣೆ ಹಚ್ಚಿದಳು, ಒತ್ತಿದಳು, ತಿಕ್ಕಿದಳು. ಗಂಟೆಯಾದರೂ ನೋವು ಜಗ್ಗಲಿಲ್ಲ. ಬದಲಿಗೆ ದಿಲ್‌ಶಾದ್‌ಳ ತಲೆಯೇ ನೋಯತೊಡಗಿತು.

ಅವಳು ಕೈ ನಿಲ್ಲಿಸಿದಳು. ಮಿನುಗು ಬಂದಿರಲಿಲ್ಲ. ನೋವು ಎಡಗಡೆಗೆ ಇರಲಿಲ್ಲ. ಹಣೆಯಿಂದ ಹಿಂದಲೆಯವರೆಗೆ ಯಾರೋ ಪಟ್ಟಿ ಕಟ್ಟಿ ಬಿಗಿದ ಹಾಗಿತ್ತು, ಕಾಲು ಹತ್ತಿಯ ಹಾಗೆ. ಇಷ್ಟು ವರ್ಷ ಒಂದೇ ನೋವಿನ ಜೊತೆ ಬಾಳಿದವಳಿಗೆ ಇದು ಆ ನೋವಲ್ಲ ಎಂಬುದು ಎದುರು ಬಂದವರು ಅಪರಿಚಿತರು ಎಂದು ತಿಳಿದಷ್ಟೇ ಸ್ಪಷ್ಟವಾಗಿ ತಿಳಿಯಿತು. ಆದರೆ ಪೂರ್ತಿ ಅಪರಿಚಿತವೂ ಅಲ್ಲ. ಒಮ್ಮೆ ಮಾತ್ರ ಹೀಗಾಗಿತ್ತು. ಸರ್ದಾರನ ಗರಾಜಿನಲ್ಲಿ, ಚಳಿಯೆಂದು ಶಟರ್ ಇಳಿಸಿ, ಓಡುತ್ತಿದ್ದ ಇಂಜಿನ್ನಿನ ಪಕ್ಕ ಕೂತು ಸೀಟಿನ ಕವರು ಹೊಲಿಯುತ್ತಿದ್ದಾಗ. ಹೊರಗಿನಿಂದ ಬಂದ ಸರ್ದಾರ್ ಅವಳನ್ನು ರಟ್ಟೆ ಹಿಡಿದು ಬೀದಿಗೆ ದಬ್ಬಿ, ಅಷ್ಟು ವರ್ಷದಲ್ಲಿ ಮೊದಲ ಸಲ ಬೈದಿದ್ದ. ಆ ಹೊಗೆಯಲ್ಲಿನ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೂತಲ್ಲೇ ಕೊಲ್ಲುತ್ತದೆ ಎಂದಿದ್ದ.

ಇಲ್ಲಿ ಹಚ್ಚಿದರೆ ಹೋಗುತ್ತದೆ, ಮನೆಯಲ್ಲಿ ಹಚ್ಚಿದರೆ ಹೋಗುವುದಿಲ್ಲ. ಆಫೀಸಿಗೆ ಹೋದರೆ ಸರಿಹೋಗುತ್ತದೆ. ಅತ್ತೆ ಹಗಲೆಲ್ಲ ಮಲಗಿರುತ್ತಾರೆ. ನಕ್ಕುಬಿಟ್ಟಿದ್ದ ಮಾತುಗಳೆಲ್ಲ ಸಾಲಾಗಿ ಎದ್ದು ನಿಂತವು.

"ಏಳು ಶಾರದಾ. ಹೊರಗ ನಡಿ."

"ಆಂಟಿ, ಹೊರಗೆ ಮೈ ಕೊರೆಯೋ ಚಳಿ ಇದೆ..."

"ಇರ್ಲಿ. ಏಳು ಅಂದ್ರ ಏಳು! ಮನ್ಯಾಗ ಗ್ಯಾಸ್ ತುಂಬ್ಯದ. ನಿಮ್ಮ ಅತ್ತೀನ ಎಬ್ಬಿಸು."

ಗೋದಾವರಮ್ಮ ಏಳಲಿಲ್ಲ. ಇಬ್ಬರೂ ಕೂಗಿದರು, ಕೆನ್ನೆ ತಟ್ಟಿದರು. ಕಣ್ಣು ಅರೆ ತೆರೆದು ಏನೋ ತೊದಲಿ ಮತ್ತೆ ಮುಚ್ಚಿಕೊಂಡರು. ಶಾರದ ಅಳಲು ಶುರುಮಾಡಿದಳು. ದಿಲ್‌ಶಾದ್ ಕೋಣೆಯ ಕಿಟಕಿಗಳನ್ನು ತೆರೆದಳು. ರಜಾಯಿ ನೆಲಕ್ಕೆ ಹಾಸಿ ಮುದುಕಿಯನ್ನು ಅದರ ಮೇಲೆ ಉರುಳಿಸಿ, ಇಬ್ಬರೂ ಒಂದೊಂದು ಮೂಲೆ ಹಿಡಿದು ಹಜಾರದುದ್ದಕ್ಕೂ ಎಳೆದರು. ಹೊಸಿಲಿನ ಬಳಿ ದಿಲ್‌ಶಾದ್ ಎಡವಿ ಬಿದ್ದಳು. ಯಾ ಅಲ್ಲಾ ಎಂದು ಎದ್ದು ಮತ್ತೆ ಎಳೆದಳು. ಹಿಮದ ಮೇಲೆ ಎಳೆದು ತಂದು, ಪಕ್ಕದ ಮನೆಯ ಪೋಲಿಷ್ ದಂಪತಿಯ ಬಾಗಿಲು ಬಡಿದರು. ಅಲ್ಲಿಂದ ಶಾರದ ೯೧೧ಕ್ಕೆ ಫೋನ್ ಮಾಡಿದಳು.

ಅಗ್ನಿಶಾಮಕ ದಳದವರು ಮೀಟರ್ ಹಿಡಿದು ಮನೆಯೊಳಕ್ಕೆ ಹೋದರು, ಕೂಡಲೇ ಹೊರಬಂದು ಮಾಸ್ಕು ಹಾಕಿಕೊಂಡು ಮತ್ತೆ ಹೋದರು. ಫರ್ನೇಸಿನ ಹೊಗೆಕೊಳವೆ ತುಕ್ಕು ತಿಂದು ಬಿರುಕು ಬಿಟ್ಟಿತ್ತು. ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಸೋರುತ್ತಿದ್ದ ಕಾರ್ಬನ್ ಮಾನಾಕ್ಸೈಡ್, ಹಿಮ ಬಿದ್ದು ಹೊರಗಿನ ಬಾಯಿ ಕಟ್ಟಿದ ಮೇಲೆ ಪೂರ್ತಿ ಒಳಕ್ಕೇ ನುಗ್ಗಿತ್ತು. ಎಚ್ಚರಿಸುವ ಅಲಾರಂ ಆ ಮನೆಯಲ್ಲಿ ಇರಲಿಲ್ಲ. ಆಗ ಆ ಕಡೆ ಬಹಳ ಮನೆಗಳಲ್ಲಿ ಇರುತ್ತಿರಲಿಲ್ಲ.

ಗೋದಾವರಮ್ಮನನ್ನು ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಉಳಿಸಿಕೊಂಡರು. ಶೇಷಗಿರಿ ಆಫೀಸಿನಿಂದ ಓಡಿ ಬಂದ. ಎಮರ್ಜೆನ್ಸಿಯ ಕಾರಿಡಾರಿನಲ್ಲಿ, ಕೋಟಿಲ್ಲದೆ, ಹಿಮದಲ್ಲಿ ಒದ್ದೆಯಾದ ಚಪ್ಪಲಿಯಲ್ಲಿ ಕೂತಿದ್ದ ದಿಲ್‌ಶಾದ್‌ಳ ಮುಂದೆ ಬಂದು ನಿಂತ. ತನ್ನ ಕೋಟು ತೆಗೆದು ಅವಳ ಹೆಗಲಿಗೆ ಹಾಕಿದ.

ಆಮೇಲಿನ ವಾರಗಳಲ್ಲಿ ಸುದ್ದಿ ಕನ್ನಡದ ಮನೆಗಳಲ್ಲೆಲ್ಲ ಹಬ್ಬಿತು, ಹಬ್ಬುತ್ತ ಬಣ್ಣ ಪಡೆಯಿತು. ಆಂಟಿಯ ಎಣ್ಣೆಯೇ ಮುದುಕಿಯನ್ನು ಬದುಕಿಸಿತು ಎಂದರು. ಎಣ್ಣೆ ಬೇಕೆಂದು ಗುರುತಿಲ್ಲದವರ ಫೋನು. ದಿಲ್‌ಶಾದ್ ಯಾರಿಗೂ ಕೊಡಲಿಲ್ಲ. ಹೂವಿನ ಡಬ್ಬಿಗಳನ್ನು ಮೇಲಿನ ಶೆಲ್ಫಿಗೆ ಎತ್ತಿಟ್ಟಳು.

"ಯಾಕೆ, ಎಣ್ಣೆಯ ಮೇಲೆ ಯಾಕೆ ಸಿಟ್ಟು?" ಎಂದು ಮನೆಯ ಉರ್ದುವಿನಲ್ಲೇ ಕೇಳಿದ ಸರ್ದಾರ್, ಒಂದು ದಿನ ಊಟಕ್ಕೆ ಕೂತಾಗ.

"ಸಿಟ್ಟು ನನ್ನ ಮೇಲೆ. ಅವಳು ನಮ್ಮ ಮನೆಗೆ ಬಂದರೆ ಗುಣವಾಗುತ್ತಿದ್ದದ್ದು ಯಾಕೆ? ಆ ಮನೆ ಬಿಟ್ಟು ಈಚೆ ಬರುತ್ತಿದ್ದಳಲ್ಲ, ಅದಕ್ಕೆ. ನಾನು ನನ್ನ ಕೈಗುಣ ಅಂದುಕೊಂಡೆ. ವಾರ ವಾರ ಬಾಟಲಿ ಕೊಟ್ಟು ಅದೇ ಮನೆಗೆ ವಾಪಸು ಕಳಿಸಿದೆ."

ಸರ್ದಾರ್ ರೊಟ್ಟಿ ಮುರಿದು ಅವಳ ತಟ್ಟೆಗೆ ಹಾಕಿದ. "ಹೋಗಿ ನೋಡಿದ್ದೂ ನೀನೇ ತಾನೆ," ಅಂದ. ಅವಳಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಹೋದದ್ದು ಶಾರದಳಿಗಾಗಿಯೋ ಎಣ್ಣೆಯ ಮಾನ ಉಳಿಸಲೋ ಎಂದು ತನ್ನನ್ನೇ ಕೇಳಿಕೊಂಡರೆ ಒಂದೊಂದು ದಿನ ಒಂದೊಂದು ಉತ್ತರ ಬರುತ್ತಿತ್ತು.

ವಸಂತದಲ್ಲಿ, ಮೈಸೂರಿಗೆ ಹೊರಡುವ ಮುಂಚೆ, ಗೋದಾವರಮ್ಮ ಸೊಸೆಯ ಜೊತೆ ಬಂದರು. ಬಂದ ಹೊಸತರಲ್ಲಿ ಇವರ ಮನೆಯ ನೀರು ಕುಡಿಯಲೂ ಹಿಂದುಮುಂದು ನೋಡುತ್ತಿದ್ದ ಹೆಂಗಸು, ನೆಟ್ಟಗೆ ಒಳಬಂದು ಸೋಫಾದ ಮುಂದೆ ನೆಲದ ಮೇಲೆ ಕೂತು ತುರುಬು ಬಿಚ್ಚಿದರು.

"ಹಚ್ಚಮ್ಮ ದಿಲ್‌ಶಾದು, ನಿನ್ನ ಎಣ್ಣೆ."

"ಬ್ಯಾಡ್ರಿ ಅಮ್ಮಾ. ಅದರಿಂದ ನಿಮಗೇನೂ ಆಗಿಲ್ಲ. ಮಂದಿ ಸುಳ್ಳ ಹೇಳ್ತಾರ."

"ಅಯ್ಯೋ, ಅದು ಗೊತ್ತಿಲ್ವೇ ನನಗೆ? ತಲೆಗೆ ಎಣ್ಣೆ ಹಚ್ಚಿಸ್ಕೊಳ್ಳೋಕೆ ಕಾಯಿಲೆ ಯಾಕೆ ಬೇಕು? ಒಳ್ಳೇ ಘಮಘಮ ಅನ್ನತ್ತೆ ಅಂತಾಳೆ ಇವಳು. ಹಚ್ಚು."

ದಿಲ್‌ಶಾದ್ ಮೇಲಿನ ಶೆಲ್ಫಿನಿಂದ ಬಾಟಲಿ ಇಳಿಸಿದಳು. ಬಿಳಿಗೂದಲ ಬೈತಲೆಯುದ್ದಕ್ಕೂ ಬೆರಳು ಓಡಿಸುತ್ತ, ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಮಾತಾಡಿದಳು.

ಮತ್ತೆ ಎಣ್ಣೆ ಮಾಡಿದಳು, ಕೇಳಿದವರಿಗೆ ಕೊಟ್ಟಳು. ಆದರೆ ಮೊದಲು ಎದುರಿಗೆ ಕೂಡಿಸಿಕೊಂಡು ವಿಚಾರಿಸುತ್ತಿದ್ದಳು. ಯಾವ ಕಡೆ, ಯಾವಾಗಿನಿಂದ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೋ, ಕಣ್ಣು ಮಂಜಾಗುತ್ತದೋ, ಬಸುರಿಯೋ, ಡಾಕ್ಟರು ಏನೆಂದರು. ಕೆಲವರನ್ನು ಎಣ್ಣೆ ಕೊಡದೆಯೇ ಆಸ್ಪತ್ರೆಗೆ ಅಟ್ಟಿದಳು. ಎಣ್ಣೆ ಪಡೆದವರಿಗೂ, "ಇದು ಹಾಯೆನಸ್ತದ, ಅಷ್ಟ. ಇದನ್ನ ನಂಬಿ ಕೂಡಬ್ಯಾಡ್ರಿ," ಎನ್ನುತ್ತಿದ್ದಳು. ಅದರಿಂದ ಅವಳ ಕೀರ್ತಿ ಸ್ವಲ್ಪ ಇಳಿಯಿತು. ಇಂಥ ಔಷಧಿಗೆ ಬರುವವರಿಗೆ ಇಂಥ ಮಾತು ರುಚಿಸುವುದಿಲ್ಲ.

ಬೇರೆಯವರನ್ನೆಲ್ಲ ಡಾಕ್ಟರ ಬಳಿಗೆ ಅಟ್ಟಿದ ಅವಳು ತಾನು ಮಾತ್ರ ಹೋಗಿರಲಿಲ್ಲ. ಸುಬಿಯಾ ಮಿಷಿಗನ್ನಿನ ಆನ್ ಆರ್ಬರಿನಲ್ಲಿ ಫಾರ್ಮಸಿ ಓದಲು ಸೇರಿದ ವರ್ಷ, ಮಗಳ ಅಪಾರ್ಟ್‌ಮೆಂಟಿಗೆ ಬಂದಿದ್ದಾಗ ಮಿನುಗು ಶುರುವಾಯಿತು. ಎರಡು ದಿನ ಅವಳು ಪರದೆ ಎಳೆದ ಕೋಣೆಯಿಂದ ಈಚೆ ಬರಲಿಲ್ಲ. ಮೂರನೆಯ ದಿನ ಸುಬಿಯಾ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಅಮ್ಮಿ, ಎನಫ್. ಐ ಮೇಡ್ ದಿ ಅಪಾಯಿಂಟ್‌ಮೆಂಟ್."

ಡಾಕ್ಟರು ವಯಸ್ಸಾದ ಹೆಂಗಸು. ಕಂಪ್ಯೂಟರಿನ ಕಡೆ ತಿರುಗದೆ ಬಹಳ ಹೊತ್ತು ಪ್ರಶ್ನೆ ಕೇಳಿದರು. ಎಣ್ಣೆಯ ವಿಷಯ ದಿಲ್‌ಶಾದ್ ಮುಚ್ಚಿಡಲು ನೋಡಿದರೆ, ಮಗಳು ಹೇಳಿಯೇಬಿಟ್ಟಳು. ಡಾಕ್ಟರು ನಗಲಿಲ್ಲ. ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ತಮಗೆ ಒಳ್ಳೆಯ ಪುರಾವೆ ಗೊತ್ತಿಲ್ಲ, ಹಚ್ಚಿಕೊಳ್ಳುವುದರಲ್ಲಿ ತೊಂದರೆಯಿಲ್ಲ, ಆದರೆ ಇಷ್ಟು ನೋವನ್ನು ಇಷ್ಟು ವರ್ಷ ಬರಿಗೈಯಲ್ಲಿ ತಡೆಯಬೇಕಾಗಿರಲಿಲ್ಲ ಎಂದರು. ನೋವು ಏಳುತ್ತಲೇ ನುಂಗಲು ಒಂದು ಮಾತ್ರೆ ಬರೆದುಕೊಟ್ಟರು.

ಮುಂದಿನ ಸಲ ಆ ಮಾತ್ರೆ ನುಂಗಿದ ದಿನ ಬೆಳಿಗ್ಗೆ ಎದ್ದ ನೋವು ಮಧ್ಯಾಹ್ನದ ಚಹಾದ ಹೊತ್ತಿಗೆ ಇಲ್ಲವಾಯಿತು. ದಿಲ್‌ಶಾದ್ ಅಡುಗೆಮನೆಯಲ್ಲಿ ನಿಂತು ತಲೆಯನ್ನು ಆ ಕಡೆ ಈ ಕಡೆ ಆಡಿಸಿ ನೋಡಿದಳು. ಆಮೇಲೆ ಕುರ್ಚಿಯಲ್ಲಿ ಕೂತು ಅತ್ತಳು. ತಂಗಿಯ ಮದುವೆಯ ದಿನ ಒಳಕೋಣೆಯಲ್ಲಿ ಬಿದ್ದುಕೊಂಡಿದ್ದು, ಮಗಳ ಶಾಲೆಯ ನಾಟಕಕ್ಕೆ ಹೋಗಲಾಗದ್ದು, ಎಷ್ಟೋ ಈದು, ಎಷ್ಟೋ ಒಳ್ಳೆಯ ಬಿಸಿಲಿನ ದಿನಗಳು. ಹಕೀಮ ನಾನಾ ಇದ್ದಿದ್ದರೆ ಬೇಸರಪಟ್ಟುಕೊಳ್ಳುತ್ತಿದ್ದರೋ ಏನೋ ಎಂದು ಒಂದು ಕ್ಷಣ ಮನಸ್ಸು ಅಳುಕಿತು. ಮರುಕ್ಷಣ, ಆ ಮಾತ್ರೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಇದರ ಗುಣ ಶೀತವೋ ಉಷ್ಣವೋ ಎಂದು ಅವರು ಮೂಗಿಗೆ ಹಿಡಿದು ನೋಡುವ ಚಿತ್ರ ಕಣ್ಣಿಗೆ ಕಟ್ಟಿ, ಅಳುವಿನ ನಡುವೆ ನಗೆ ಬಂತು.

ಎರಡು ಸಾವಿರದ ಎಂಟರಲ್ಲಿ ಸರ್ದಾರ್ ಗರಾಜು ಮಾರಿದ. ಇಬ್ಬರೂ ಮಗಳ ಹತ್ತಿರ ಇರಬೇಕೆಂದು ಮಿಷಿಗನ್ನಿನ ಕ್ಯಾಂಟನ್‌ಗೆ ಬಂದರು. ಮರುವರ್ಷ ಮೇ ತಿಂಗಳಲ್ಲಿ ಶಾರದಳ ಸಂಸಾರ ಐ-೯೪ ಹೆದ್ದಾರಿಯಲ್ಲಿ ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ನೋಡಲು ಬಂತು. ಕಾಲೇಜಿಗೆ ಹೋಗುತ್ತಿದ್ದ ಅಕ್ಷೋಭ್ಯನೇ ಕಾರು ಓಡಿಸಿದ್ದ. ಅವತ್ತೇ ಬೆಳಿಗ್ಗೆ ದಿಲ್‌ಶಾದ್‌ಗೆ ನೋವು ಎದ್ದಿತ್ತು. ವಯಸ್ಸಿನ ಜೊತೆ ಈಗ ಅಪರೂಪವಾಗಿತ್ತು, ಪೂರ್ತಿ ಬಿಟ್ಟಿರಲಿಲ್ಲ.

"ನೀವು ಮಲಗಿ ಆಂಟಿ, ನಾನೇನು ಹೊರಗಿನವಳಾ?" ಎಂದು ಶಾರದ ಅಡುಗೆಮನೆ ಹೊಕ್ಕಳು.

ಮಾತ್ರೆ ನುಂಗಿ, ಕಣತಲೆಗೆ ಎರಡು ಹನಿ ಎಣ್ಣೆ ಹಚ್ಚಿಕೊಂಡು ದಿಲ್‌ಶಾದ್ ಮಲಗಿದಳು. ಕೆಳಗಿನಿಂದ ಪಾತ್ರೆಯ ಸದ್ದು, ಸರ್ದಾರ್ ಮತ್ತು ಶೇಷಗಿರಿ ಕಾರಿನ ಮಾತಾಡುವುದು, ಶಾರದ ಅವರಿಬ್ಬರಿಗೂ ದನಿ ತಗ್ಗಿಸಿ ಎಂದು ಗದರುವುದು ಕೇಳಿಸುತ್ತಿತ್ತು. ಎರಡು ಗಂಟೆಯ ಹೊತ್ತಿಗೆ ನೋವು ಇಳಿಯಿತು. ಎದ್ದು, ಬಿಚ್ಚಿದ ಜಡೆಯನ್ನು ಹಾಗೇ ಸೆರಗಿನೊಳಗೆ ಸೇರಿಸಿಕೊಂಡು ಮೆಟ್ಟಿಲಿಳಿದು ಬಂದಳು. ಎಲ್ಲರೂ ಊಟಕ್ಕೆ ಕೂತಿದ್ದರು. ಅಕ್ಷೋಭ್ಯ ಎದ್ದು ಕುರ್ಚಿ ಬಿಟ್ಟುಕೊಟ್ಟ.

"ನನಗೂ ಬಡಸವ್ವಾ, ಹೊಟ್ಟಿ ಹಸದದ," ಅಂದಳು ದಿಲ್‌ಶಾದ್. ಶಾರದ ತಟ್ಟೆ ಇಟ್ಟು ಹುಳಿಯನ್ನ ಬಡಿಸಿದಳು.